ಆರಂಭಿಸಲು ಕಲಿಸಿದೆವು, ನಿಲ್ಲಿಸಲು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದವರಿಗೆಲ್ಲ ಪರಿಚಿತವಾದ ಪ್ರಯೋಗವೊಂದಿದೆ. ಅದರಲ್ಲಿ ಎರಡು ಪ್ರೋಗ್ರಾಮುಗಳನ್ನು ಬರೆಯಬೇಕು. ಒಂದು ಕ್ಲೈಂಟ್, ಇನ್ನೊಂದು ಸರ್ವರ್. ಕ್ಲೈಂಟ್ ಒಂದು ಫೈಲಿನ ಹೆಸರನ್ನು ಕಳಿಸುತ್ತದೆ. ಆ ಹೆಸರಿನ ಫೈಲು ಇದ್ದರೆ ಸರ್ವರ್ ಅದರಲ್ಲಿರುವುದನ್ನೆಲ್ಲ ಮರಳಿ ಕಳಿಸುತ್ತದೆ. 2010ರ ಪಠ್ಯಕ್ರಮದಲ್ಲಿ ಇದನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದರು. 2015 ಮತ್ತು 2018ರ ಪಠ್ಯಕ್ರಮಗಳಲ್ಲಿ ಜಾವಾ ಬಂತು. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಹೊಸಪೇಟೆಯಿರಲಿ, ಬೀದರ್ ಇರಲಿ, ಮಂಗಳೂರಿರಲಿ, ನಮ್ಮ ಸಾವಿರಾರು ವಿದ್ಯಾರ್ಥಿಗಳು ತಮ್ಮ ಜೀವನದ ಮೊದಲ ಸರ್ವರನ್ನು ಬರೆದದ್ದು ಈ ಪ್ರಶ್ನೆಗೆ ಉತ್ತರವಾಗಿಯೇ.

ಪ್ರಯೋಗ ಒಳ್ಳೆಯದೇ. ಸಾಕೆಟ್ ತೆರೆಯುವುದು, ಅದಕ್ಕೊಂದು ಪೋರ್ಟ್ ಸಂಖ್ಯೆ ಕಟ್ಟುವುದು, ಕಿವಿಗೊಟ್ಟು ಕುಳಿತುಕೊಳ್ಳುವುದು, ಬಂದ ಕರೆಯನ್ನು ಸ್ವೀಕರಿಸುವುದು ಎಂಬ ನಾಲ್ಕು ಹೆಜ್ಜೆಗಳನ್ನು ಇದಕ್ಕಿಂತ ಚಿಕ್ಕದಾಗಿ ಕಲಿಸುವುದು ಕಷ್ಟ. ಪರದೆಯ ಮೇಲಿನ ಎರಡು ಕಿಟಕಿಗಳು ಒಂದರೊಡನೊಂದು ಮಾತಾಡಿದಾಗ ವಿದ್ಯಾರ್ಥಿಗೆ ಆಗುವ ಸಂತೋಷವೂ ಸಣ್ಣದಲ್ಲ. ನನ್ನ ತಕರಾರು ಇರುವುದು ಪ್ರಶ್ನೆ ಹೇಳದೆ ಬಿಟ್ಟ ಸಂಗತಿಯ ಬಗ್ಗೆ. ಈ ಸರ್ವರನ್ನು ನಿಲ್ಲಿಸುವುದು ಹೇಗೆ ಎಂದು ಅದು ಎಲ್ಲಿಯೂ ಕೇಳುವುದಿಲ್ಲ. ಕೇಳದಿದ್ದರೆ ಅಂಕವಿಲ್ಲ, ಅಂಕವಿಲ್ಲದ್ದನ್ನು ಯಾರೂ ಬರೆಯುವುದಿಲ್ಲ. ಹೀಗಾಗಿ ನಮ್ಮ ವಿದ್ಯಾರ್ಥಿಗಳು ಚಕ್ರವ್ಯೂಹದ ಒಳದಾರಿಯನ್ನಷ್ಟೇ ಕಲಿತು ಹೊರಬೀಳುತ್ತಿದ್ದಾರೆ.

ನೀವೇ ನೆನಪಿಸಿಕೊಳ್ಳಿ. ಸಿ ಭಾಷೆಯ ಸರ್ವರನ್ನು ಒಮ್ಮೆ ಓಡಿಸಿ, ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಕೂಡಲೇ ಮತ್ತೆ ಓಡಿಸಿದರೆ ಏನಾಗುತ್ತಿತ್ತು? ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬ ತಪ್ಪು ಸಂದೇಶ ಬರುತ್ತಿತ್ತು. ಆಗ 15000 ಎಂದಿದ್ದ ಪೋರ್ಟ್ ಸಂಖ್ಯೆಯನ್ನು 15001 ಎಂದು ತಿದ್ದಿ ಕೆಲಸ ಮುಗಿಸುವುದು ರೂಢಿ. ನಿಜವಾಗಿ ಆ ಸಂದೇಶ ಒಂದು ಪಾಠದ ಬಾಗಿಲು. ಟಿಸಿಪಿಯಲ್ಲಿ ಸಂಪರ್ಕವನ್ನು ಮೊದಲು ಮುಚ್ಚಿದವರು ಸ್ವಲ್ಪ ಹೊತ್ತು ಕಾಯಬೇಕೆಂಬ ನಿಯಮವಿದೆ. ನಾವು ಕಳಿಸಿದ ಕಡೆಯ ಸ್ವೀಕೃತಿ ದಾರಿಯಲ್ಲಿ ಕಳೆದುಹೋಗಿದ್ದರೆ ಎದುರಿನವರು ಮತ್ತೊಮ್ಮೆ ಕೇಳಬಹುದು. ಹಳೆಯ ಸಂಪರ್ಕದ ದಾರಿ ತಪ್ಪಿದ ಪ್ಯಾಕೆಟ್ಟೊಂದು ತಡವಾಗಿ ಬಂದು ಹೊಸ ಸಂಪರ್ಕದೊಳಗೆ ಸೇರಿಕೊಳ್ಳಬಹುದು. ಅದಕ್ಕಾಗಿ ಈ ಕಾಯುವಿಕೆ. ಲಿನಕ್ಸಿನಲ್ಲಿ ಇದು 60 ಸೆಕೆಂಡು. ನಮ್ಮ ಪ್ರಯೋಗದಲ್ಲಿ ಫೈಲು ಕಳಿಸಿ ಮೊದಲು ಬಾಗಿಲು ಹಾಕಿಕೊಳ್ಳುವುದು ಸರ್ವರ್ ಆದ್ದರಿಂದ ಕಾಯುವ ಪಾಳಿ ಅದರದೇ. ಕಾಯುತ್ತಿರುವ ಹಳೆಯ ಸಂಪರ್ಕವಿದ್ದರೂ ಅದೇ ಪೋರ್ಟಿನಲ್ಲಿ ಕೂರಲು ಬಿಡು ಎಂದು ಕೇಳುವ ಸಾಕೆಟ್ ಆಯ್ಕೆಯೊಂದಿದೆ. ಒಂದೇ ಸಾಲಿನ ಕೆಲಸ. ಜಾವಾ ಬಂದ ಮೇಲೆ ಲಿನಕ್ಸಿನಲ್ಲಿ ಈ ಆಯ್ಕೆಯನ್ನು ಭಾಷೆಯೇ ತಾನಾಗಿ ಹಾಕಿಕೊಳ್ಳುತ್ತದೆ. ಅನುಕೂಲವಾಯಿತು ನಿಜ, ಆದರೆ ನಿಲುಗಡೆಯ ಕಡೆಗೆ ಬೆರಳು ತೋರುತ್ತಿದ್ದ ಒಂದೇ ಒಂದು ಸುಳಿವೂ ಪ್ರಯೋಗಾಲಯದಿಂದ ಮಾಯವಾಯಿತು.

ಇದೇ ವಿದ್ಯಾರ್ಥಿ ಸಿದ್ಧಾಂತದ ಪತ್ರಿಕೆಯಲ್ಲಿ ಟಿಸಿಪಿಯ ಸ್ಥಿತಿಚಿತ್ರವನ್ನು ಚೆನ್ನಾಗಿಯೇ ಬಿಡಿಸುತ್ತಾನೆ. 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 793ರಲ್ಲಿರುವ ಆ ಚಿತ್ರದಲ್ಲಿ 11 ಸ್ಥಿತಿಗಳಿವೆ. ಅವುಗಳನ್ನು ಒಮ್ಮೆ ಎಣಿಸಿ ನೋಡಿ. ಸಂಪರ್ಕ ಏರ್ಪಡುವುದಕ್ಕೆ ಸಂಬಂಧಿಸಿದವು ಮೂರು. ಮುಗಿಸುವುದಕ್ಕೆ ಸಂಬಂಧಿಸಿದವು ಆರು. ಉಳಿದೆರಡರಲ್ಲಿ ಒಂದು ಮಾತುಕತೆ ನಡೆಯುವ ಸ್ಥಿತಿ, ಇನ್ನೊಂದು ಏನೂ ಇಲ್ಲದ ಸ್ಥಿತಿ. ಆರಂಭದ ಎರಡರಷ್ಟು ಯೋಚನೆಯನ್ನು ಮುಕ್ತಾಯಕ್ಕೆ ಮೀಸಲಿಟ್ಟ ನಿಯಮಾವಳಿಯನ್ನು ಬಾಯಿಪಾಠ ಮಾಡಿಸಿ, ಅದರ ಮೇಲೆ ಮುಕ್ತಾಯವೇ ಇಲ್ಲದ ಪ್ರೋಗ್ರಾಮನ್ನು ಬರೆಸುತ್ತಿದ್ದೇವೆ.

ಅರ್ಧ ಬಂದ ಫೈಲು

ಇದರಿಂದ ಆಗುವ ನಷ್ಟವೇನು ಎಂದು ನೀವು ಕೇಳಬಹುದು. ಒಂದು ಸಣ್ಣ ಪರೀಕ್ಷೆ ಮಾಡಿ. ಕೆಲವು ನೂರು ಮೆಗಾಬೈಟ್ ಗಾತ್ರದ ಫೈಲೊಂದನ್ನು ಸರ್ವರಿನ ಕಡೆ ಇಡಿ. ಸರ್ವರ್ ಅದನ್ನು ತುಂಡು ತುಂಡಾಗಿ ಓದಿ ಕಳಿಸುವಂತಿರಲಿ. ತುಂಡುಗಳ ನಡುವೆ ಒಂದಿಷ್ಟು ಬಿಡುವು ಕೊಟ್ಟರೆ ನೋಡಲು ಸುಲಭ. ಕ್ಲೈಂಟ್ ಬಂದದ್ದನ್ನೆಲ್ಲ ಇನ್ನೊಂದು ಫೈಲಿಗೆ ಬರೆಯಲಿ. ನಡುವೆ ಕಂಟ್ರೋಲ್-ಸಿ ಒತ್ತಿ ಸರ್ವರನ್ನು ಕೊಲ್ಲಿ. ಈಗ ಕ್ಲೈಂಟ್ ಏನು ಹೇಳುತ್ತದೆ?

ಏನೂ ಹೇಳುವುದಿಲ್ಲ. ಕೆಲಸ ಮುಗಿಯಿತೆಂದು ಸಂತೋಷದಿಂದ ನಿಲ್ಲುತ್ತದೆ. ಎಲ್ಲವೂ ಸರಿ ಎಂಬ ಅರ್ಥದ ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಎರಡೂ ಕಡೆಯ ಫೈಲುಗಳ ಗಾತ್ರವನ್ನು ಹೋಲಿಸಿದಾಗಲೇ ಮೋಸ ಗೊತ್ತಾಗುವುದು.

ಕಾರಣ ಸರಳ. ಪ್ರೋಗ್ರಾಮ್ ಸತ್ತಾಗ ಅದು ತೆರೆದಿದ್ದ ಸಾಕೆಟ್ಟುಗಳನ್ನು ಕಾರ್ಯಾಚರಣ ವ್ಯವಸ್ಥೆಯೇ ಮುಚ್ಚುತ್ತದೆ. ಮುಚ್ಚುವಾಗ ಇನ್ನು ಕಳಿಸುವುದೇನೂ ಇಲ್ಲ ಎಂಬ ಸಭ್ಯ ಸಂದೇಶವನ್ನು ಎದುರಿನವರಿಗೆ ಕಳಿಸುತ್ತದೆ. ಫೈಲು ಪೂರ್ತಿಯಾದಾಗ ಸರ್ವರ್ ಕಳಿಸುವುದೂ ಇದೇ ಸಂದೇಶವನ್ನು. ಪೂರ್ತಿಯಾಗಿ ಮುಗಿದದ್ದಕ್ಕೂ ಅರ್ಧದಲ್ಲಿ ಸತ್ತದ್ದಕ್ಕೂ ಕ್ಲೈಂಟಿಗೆ ವ್ಯತ್ಯಾಸ ಕಾಣುವುದಿಲ್ಲ. ಫೈಲಿನ ಅಳತೆಯನ್ನು ಮೊದಲೇ ತಿಳಿಸಿದ್ದರೆ ಕಾಣುತ್ತಿತ್ತು. ವೆಬ್ಬಿನ ಎಚ್‌ಟಿಟಿಪಿ ಕೂಡ ತನ್ನ ಮೊದಲ ದಿನಗಳಲ್ಲಿ ಸಂಪರ್ಕ ಮುಚ್ಚಿದ್ದನ್ನೇ ಮುಕ್ತಾಯವೆಂದು ಬಗೆಯುತ್ತಿತ್ತು. ಅಳತೆ ಹೇಳಿ ಕಳಿಸುವುದು, ಇಲ್ಲವೇ ಅಳತೆ ಬರೆದ ತುಂಡುಗಳಾಗಿ ಕಳಿಸುವುದು ಅದರ 1.1ನೇ ಆವೃತ್ತಿಯಲ್ಲಿ ನೆಲೆಯಾಯಿತು. 2011ರ ಜುಲೈನಲ್ಲಿ ತೆರವಾಗುವವರೆಗೆ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿ ಅಂಗಡಿ, ಮನೆಗಳ ನಡುವೆ ಇಂಟರ್ನೆಟ್ ಕೇಂದ್ರಗಳೂ ಇದ್ದವು. ಅಂತಹ ಕೇಂದ್ರಗಳಲ್ಲಿ ಕುಳಿತವರಿಗೆ ಮೇಲಿನ ಅರ್ಧ ಮಾತ್ರ ಮೂಡಿ ನಿಂತ ಚಿತ್ರಗಳ ನೆನಪಿರಬಹುದು. ಚಿತ್ರವಾದರೆ ಅರ್ಧ ಬಂದದ್ದು ಕಣ್ಣಿಗೆ ಕಾಣುತ್ತದೆ. ಬಂದದ್ದು ಅಂಕಪಟ್ಟಿಯಾಗಿದ್ದು, ಕಡೆಯ ನಲವತ್ತು ಹೆಸರುಗಳು ಬಿಟ್ಟುಹೋಗಿದ್ದರೆ? ಸಾಲಿನ ಕೊನೆಯಲ್ಲೇ ತುಂಡಾದ ಪಟ್ಟಿ ಪೂರ್ತಿ ಪಟ್ಟಿಯಂತೆಯೇ ಕಾಣುತ್ತದೆ.

ಈಗ ಕಂಟ್ರೋಲ್-ಸಿ ಬದಲು ವಿದ್ಯುತ್ತೇ ಹೋಯಿತೆನ್ನಿ. ಆಗ ಸಭ್ಯ ಸಂದೇಶ ಕಳಿಸಲು ಯಾರೂ ಉಳಿದಿರುವುದಿಲ್ಲ. ಇನ್ನೊಂದು ಯಂತ್ರದಲ್ಲಿರುವ ಕ್ಲೈಂಟ್ ಓದಲು ಕುಳಿತದ್ದು ಕುಳಿತೇ ಇರುತ್ತದೆ. ಸರ್ವರ್ ಯಂತ್ರ ಮತ್ತೆ ಎದ್ದರೂ ಅಷ್ಟೇ; ಕ್ಲೈಂಟ್ ತಾನಾಗಿ ಏನನ್ನೂ ಕಳಿಸುವುದಿಲ್ಲವಾದ್ದರಿಂದ ಹಳೆಯ ಸಂಪರ್ಕ ಸತ್ತಿದೆಯೆಂದು ಅದಕ್ಕೆ ತಿಳಿಸುವವರಿಲ್ಲ. ಎದುರಿನವರು ಬದುಕಿದ್ದಾರೆಯೇ ಎಂದು ಆಗಾಗ ತಟ್ಟಿ ನೋಡುವ ಸೌಲಭ್ಯ ಟಿಸಿಪಿಗೆ ಉಂಟು. ಆದರೆ ಕೇಳದೆ ಅದು ಚಾಲೂ ಆಗುವುದಿಲ್ಲ; ಚಾಲೂ ಮಾಡಿದರೂ ಲಿನಕ್ಸಿನಲ್ಲಿ ಮೊದಲ ತಟ್ಟು 7200 ಸೆಕೆಂಡುಗಳ ಮೌನದ ನಂತರ, ಅಂದರೆ ಎರಡು ಗಂಟೆ ಕಳೆದ ಮೇಲೆ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ಅಪರೂಪದ ಪ್ರಸಂಗವೇನಲ್ಲ. ಹಾಗಿದ್ದರೂ ಪ್ರಯೋಗಾಲಯದಲ್ಲಿ ಇದು ಕಾಣಿಸದು. ಏಕೆಂದರೆ ಎರಡೂ ಪ್ರೋಗ್ರಾಮುಗಳನ್ನು ಸಾಮಾನ್ಯವಾಗಿ ಒಂದೇ ಯಂತ್ರದ ಎರಡು ಕಿಟಕಿಗಳಲ್ಲಿ ಓಡಿಸುತ್ತೇವೆ. ಸತ್ತರೆ ಎರಡೂ ಒಟ್ಟಿಗೇ ಸಾಯುತ್ತವೆ.

ಸಿಗ್ನಲ್ ಓದಿದ್ದಾರೆ, ಬಳಸಿಲ್ಲ

2010ರ ಪಠ್ಯಕ್ರಮದಲ್ಲಿ ಯುನಿಕ್ಸ್ ಸಿಸ್ಟಮ್ ಪ್ರೋಗ್ರಾಮಿಂಗ್ ಎಂಬ ವಿಷಯವಿತ್ತು. ಸಿಗ್ನಲ್ ಮತ್ತು ಡೀಮನ್‌ಗಳಿಗೆಂದೇ ಅದರಲ್ಲಿ ಒಂದು ಘಟಕ. ಆರನೇ ಸೆಮಿಸ್ಟರಿನಲ್ಲಿ ಅದನ್ನು ಓದಿದ ವಿದ್ಯಾರ್ಥಿ ಏಳನೇ ಸೆಮಿಸ್ಟರಿನ ನೆಟ್‌ವರ್ಕ್ ಪ್ರಯೋಗಾಲಯಕ್ಕೆ ಬರುತ್ತಿದ್ದ. ಬೇಕಾದ ಸಾಮಗ್ರಿಯೆಲ್ಲ ಅವನ ಕೈಯಲ್ಲಿತ್ತು. ಎರಡನ್ನೂ ಸೇರಿಸುವ ಪ್ರಶ್ನೆಯೊಂದು ಮಾತ್ರ ಇರಲಿಲ್ಲ.

ಸಿಗ್ನಲ್ ಎಂದರೆ ಓಡುತ್ತಿರುವ ಪ್ರೋಗ್ರಾಮಿಗೆ ವ್ಯವಸ್ಥೆ ಕೊಡುವ ತಟ್ಟು. ಕಂಟ್ರೋಲ್-ಸಿ ಒತ್ತಿದಾಗ ಹೋಗುವುದು 2ನೇ ಸಿಗ್ನಲ್. ದಯವಿಟ್ಟು ಮುಗಿಸು ಎನ್ನುವುದು 15ನೆಯದು, ಅದರ ಹೆಸರು ಸಿಗ್‌ಟರ್ಮ್. ಇವೆರಡನ್ನೂ ಪ್ರೋಗ್ರಾಮ್ ಹಿಡಿದು ತನಗೆ ಬೇಕಾದಂತೆ ವರ್ತಿಸಬಹುದು. 9ನೆಯದಾದ ಸಿಗ್‌ಕಿಲ್ ಅನ್ನು ಹಿಡಿಯಲು ಬರುವುದಿಲ್ಲ. ದೊಡ್ಡ ವ್ಯವಸ್ಥೆಗಳಲ್ಲಿ ಮೊದಲು 15 ಕಳಿಸಿ, ಒಂದಿಷ್ಟು ಕಾಲ ಕಾದು, ಆಮೇಲೆ 9 ಕಳಿಸುವುದು ಪದ್ಧತಿ. ಬೇರೆ ಏನೂ ಹೇಳದಿದ್ದರೆ ಡಾಕರ್ 10 ಸೆಕೆಂಡು ಕಾಯುತ್ತದೆ, ಕ್ಯೂಬರ್ನೆಟೀಸ್ 30, ಸಿಸ್ಟಮ್‌ಡಿ 90. ಈ ಗಡುವಿನೊಳಗೆ ಸರ್ವರ್ ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು, ಕೈಯಲ್ಲಿರುವ ಕೆಲಸವನ್ನು ಮುಗಿಸಬೇಕು, ಬರೆದದ್ದು ಡಿಸ್ಕನ್ನು ಮುಟ್ಟಿತೆಂದು ಖಾತ್ರಿ ಮಾಡಿಕೊಳ್ಳಬೇಕು, ನಂತರ ಹೊರಡಬೇಕು.

ಹೇಳಿದಷ್ಟು ಸುಲಭವಲ್ಲ ಇದು. ಸಿಗ್ನಲ್ ಹಿಡಿಯುವ ಫಂಕ್ಷನ್ನಿನೊಳಗೆ ಪ್ರಿಂಟ್‌ಎಫ್, ಮ್ಯಾಲಕ್ ಇಂಥವನ್ನು ಕರೆಯಬಾರದು. ಪ್ರೋಗ್ರಾಮ್ ಮ್ಯಾಲಕ್‌ನ ನಡುವಿರುವಾಗಲೇ ಸಿಗ್ನಲ್ ಬಂದರೆ ಅರ್ಧ ತಿದ್ದಿದ ಲೆಕ್ಕದ ಮೇಲೆ ಮತ್ತೊಂದು ತಿದ್ದುಪಡಿ ಬೀಳುತ್ತದೆ. ಆದ್ದರಿಂದ ಒಳಗೆ ಒಂದು ಬಾವುಟವನ್ನಷ್ಟೇ ಏರಿಸಿ ಹೊರಬಂದು, ಮುಖ್ಯ ಸುತ್ತಿನಲ್ಲಿ ಆ ಬಾವುಟ ನೋಡಿ ನಿಲ್ಲುವುದು ಕ್ರಮ. ಈ ಕ್ರಮವನ್ನು ಪಾಲಿಸಿದ ವಿದ್ಯಾರ್ಥಿಯೂ ಲಿನಕ್ಸಿನಲ್ಲಿ ಎಡವುವ ಜಾಗವೊಂದಿದೆ. ಸಿಗ್ನಲ್ ಎಂಬ ಹಳೆಯ ಫಂಕ್ಷನ್ ಬಳಸಿ ಬಾವುಟ ಏರಿಸಿದರೆ, ಅಕ್ಸೆಪ್ಟ್‌ನಲ್ಲಿ ಕಾಯುತ್ತಿದ್ದ ಸರ್ವರ್ ತಟ್ಟಿಗೆ ಎಚ್ಚರಗೊಂಡು ಮತ್ತೆ ಅದೇ ಅಕ್ಸೆಪ್ಟ್‌ಗೆ ಮರಳಿ ಕೂರುತ್ತದೆ. ಬಾವುಟ ಮೇಲಿದೆ, ನೋಡುವವರಿಲ್ಲ. ಮುಂದಿನ ಗಿರಾಕಿ ಬಂದು ಹೋದ ಮೇಲಷ್ಟೇ ಅಂಗಡಿ ಮುಚ್ಚುತ್ತದೆ! ಸಿಗ್‌ಆಕ್ಷನ್ ಬಳಸಿ, ಮರುಆರಂಭದ ಸೂಚನೆಯನ್ನು ಅದರಲ್ಲಿ ಕೊಡದಿದ್ದರೆ ಅಕ್ಸೆಪ್ಟ್ ಅಡಚಣೆಯಾಯಿತೆಂದು ಹೇಳಿ ಹೊರಬರುತ್ತದೆ. ಅಲ್ಲಿಯೂ ಸಣ್ಣ ಬಿರುಕು ಉಳಿಯುತ್ತದೆ: ಬಾವುಟ ನೋಡಿದ ಮೇಲೆ, ಅಕ್ಸೆಪ್ಟ್‌ಗೆ ಹೋಗುವ ಮೊದಲು ಸಿಗ್ನಲ್ ಬಂದರೆ ಮತ್ತೆ ಕಾಯುವಿಕೆಯೇ. ಪಿಸೆಲೆಕ್ಟ್ ಎಂಬ ಕರೆ ಇರುವುದು ಈ ಬಿರುಕು ಮುಚ್ಚುವುದಕ್ಕಾಗಿ. ಕಾರ್ಯಾಚರಣ ವ್ಯವಸ್ಥೆ, ನೆಟ್‌ವರ್ಕ್, ಏಕಕಾಲಿಕತೆ ಮೂರೂ ಸೇರುವ ಇಂತಹ ಪಾಠ ಇನ್ನೊಂದು ಸಿಕ್ಕುವುದು ಕಷ್ಟ. ಅದನ್ನು ಒಂದು ಪ್ರಶ್ನೆಯ ಕೊರತೆಯಿಂದ ಕಳೆದುಕೊಂಡಿದ್ದೇವೆ.

ಆರಂಭವನ್ನಾದರೂ ಚೆನ್ನಾಗಿ ಕಲಿಸಿದ್ದೇವೆಯೇ ಎಂದರೆ ಅದೂ ಅರೆಬರೆ. ಪ್ರೋಗ್ರಾಮ್ ಓಡತೊಡಗಿತು ಎಂದರೆ ಸರ್ವರ್ ಸಿದ್ಧವಾಯಿತು ಎಂದಲ್ಲ. ಒಂದೇ ಸ್ಕ್ರಿಪ್ಟಿನಲ್ಲಿ ಸರ್ವರನ್ನು ಹಿನ್ನೆಲೆಗೆ ತಳ್ಳಿ, ಮುಂದಿನ ಸಾಲಿನಲ್ಲೇ ಕ್ಲೈಂಟನ್ನು ಕರೆದರೆ ಸಂಪರ್ಕ ನಿರಾಕರಿಸಲಾಗಿದೆ ಎಂಬ ಉತ್ತರ ಬರಬಹುದು. ನಡುವೆ ಎರಡು ಸೆಕೆಂಡು ನಿದ್ರೆ ಸೇರಿಸುವುದು ಎಲ್ಲರೂ ಮಾಡುವ ಉಪಾಯ. ಕಿವಿಗೊಟ್ಟು ಕುಳಿತ ಮೇಲೆ ಮಾತ್ರ ಸಿದ್ಧ ಎಂದು ಸಾರುವುದು ಸರಿಯಾದ ದಾರಿ. ಹಿಂದಿನ ಸಿಸ್ಟಮ್ ಫೈವ್ ಯುನಿಕ್ಸ್‌ನಲ್ಲಿ ಪ್ರತಿಯೊಂದು ಸೇವೆಯ ಸ್ಕ್ರಿಪ್ಟೂ ಆರಂಭ, ನಿಲುಗಡೆ ಎರಡಕ್ಕೂ ಉತ್ತರ ಕೊಡಬೇಕಾಗಿತ್ತು. ಈಗಿನ ಸಿಸ್ಟಮ್‌ಡಿ ಯಾವ ಕ್ರಮದಲ್ಲಿ ಏಳಿಸಿತೋ ಅದರ ವಿರುದ್ಧ ಕ್ರಮದಲ್ಲಿ ಮಲಗಿಸುತ್ತದೆ: ದತ್ತಸಂಚಯ ಮೊದಲು ಏಳಬೇಕು, ಕೊನೆಗೆ ಮಲಗಬೇಕು.

ಹೇಗೂ ಸಾಯುವುದಾದರೆ ಸಭ್ಯತೆ ಏಕೆ?

ಈ ವಿಮರ್ಶೆಗೆ ಒಂದು ಗಟ್ಟಿ ಆಕ್ಷೇಪವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ವಿದ್ಯುತ್ ಯಾವಾಗ ಬೇಕಾದರೂ ಹೋಗಬಹುದಾದ ಮೇಲೆ ಪ್ರತಿಯೊಂದು ಸರ್ವರೂ ಹಠಾತ್ ಸಾವನ್ನು ತಾಳಿಕೊಳ್ಳಲೇಬೇಕು. ಹಾಗೆ ತಾಳಿಕೊಳ್ಳುವುದಾದರೆ ಬೇರೆಯಾದ ಸಭ್ಯ ನಿಲುಗಡೆ ಏತಕ್ಕೆ? 2003ರಲ್ಲಿ ಸ್ಟ್ಯಾನ್‌ಫರ್ಡಿನ ಜಾರ್ಜ್ ಕ್ಯಾಂಡಿಯಾ ಮತ್ತು ಆರ್ಮಾಂಡೋ ಫಾಕ್ಸ್ ಇದೇ ವಾದವನ್ನು ಮಂಡಿಸಿದರು. ನಿಲ್ಲಿಸುವುದೆಂದರೆ ಕೊಲ್ಲುವುದು, ಆರಂಭಿಸುವುದೆಂದರೆ ಚೇತರಿಸಿಕೊಳ್ಳುವುದು. ಈ ಎರಡೇ ಇದ್ದರೆ ಸಾಕು ಎಂದರು. ಕೆಲವು ವ್ಯವಸ್ಥೆಗಳು ಕ್ರಮವಾಗಿ ಮುಚ್ಚಿ ತೆರೆಯುವುದಕ್ಕಿಂತ ಹಠಾತ್ತಾಗಿ ಕೊಂದು ಎಬ್ಬಿಸಿದರೆ ಬೇಗ ಏಳುತ್ತವೆ ಎಂದೂ ತೋರಿಸಿದರು. ಚೇತರಿಕೆಯ ದಾರಿ ದಿನವೂ ಬಳಕೆಯಾದರೆ ಮಾತ್ರ ಅದು ಕೆಲಸ ಮಾಡುತ್ತದೆಂಬ ನಂಬಿಕೆ ಇರುತ್ತದೆ. ಅಪರೂಪಕ್ಕೆ ಓಡುವ ಕೋಡಿನಲ್ಲಿ ತಪ್ಪುಗಳು ಅಡಗಿರುತ್ತವೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಅವರು ಹಾಕಿದ ಷರತ್ತುಗಳನ್ನು ನೋಡಿ. ಮುಖ್ಯವಾದ ದತ್ತಾಂಶವೆಲ್ಲ ಅದಕ್ಕೆಂದೇ ಇರುವ ಉಗ್ರಾಣದಲ್ಲಿರಬೇಕು. ಕೇಳಿದವರು ಇಷ್ಟೇ ಹೊತ್ತು ಕಾಯುತ್ತೇನೆಂಬ ಗಡುವು ಇಟ್ಟುಕೊಂಡಿರಬೇಕು. ಅದೇ ಕೋರಿಕೆಯನ್ನು ಎರಡನೇ ಸಲ ಕಳಿಸಿದರೆ ಅಪಾಯವಾಗುತ್ತದೆಯೇ ಇಲ್ಲವೇ ಎಂಬುದು ಕೋರಿಕೆಯಲ್ಲೇ ತಿಳಿದಿರಬೇಕು. ನಮ್ಮ ಪ್ರಯೋಗದ ಕ್ಲೈಂಟಿಗೆ ಗಡುವಿಲ್ಲ, ಅಳತೆ ತಿಳಿಯದು, ಮತ್ತೆ ಕೇಳುವ ಬುದ್ಧಿಯೂ ಇಲ್ಲ. ಸಭ್ಯವಾಗಿ ನಿಲ್ಲುವುದನ್ನೂ ಕಲಿಸದೆ, ಕೊಂದರೆ ಏಳುವುದನ್ನೂ ಕಲಿಸದೆ ಬಿಟ್ಟ ಪ್ರಯೋಗಕ್ಕೆ ಈ ವಾದ ಆಶ್ರಯ ಕೊಡಲಾರದು.

ಏಳುವುದನ್ನು ಕಲಿತ ತಂತ್ರಾಂಶಗಳು ನಮ್ಮ ಸುತ್ತಲೇ ಇವೆ. ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದು, ತಾಲ್ಲೂಕು ಕಚೇರಿಗಳಲ್ಲಿ ಅವುಗಳ ಮುದ್ರಿತ ಪ್ರತಿ ಸಿಗುವಂತಾಯಿತು. ಸಂಡೂರಿನ ಒಂದು ಹೊಲ ಕೈ ಬದಲಾಯಿತೆನ್ನಿ. ಮಾರಿದವರ ಹೆಸರು ತೆಗೆಯಬೇಕು, ಕೊಂಡವರ ಹೆಸರು ಸೇರಿಸಬೇಕು. ಎರಡರ ನಡುವೆ ಕರೆಂಟು ಹೋದರೆ ಹೊಲ ಯಾರದು? ಇಂತಹ ಪ್ರಶ್ನೆ ಏಳದಿರಲೆಂದೇ ದತ್ತಸಂಚಯ ತಂತ್ರಾಂಶಗಳು ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿ ಫೈಲಿನಲ್ಲಿ ಬರೆದಿಟ್ಟು, ಎದ್ದಾಗ ಅದನ್ನು ಓದಿ, ಪೂರ್ತಿಯಾದ ವಹಿವಾಟುಗಳನ್ನು ಉಳಿಸಿಕೊಂಡು ಅರ್ಧವಾದವನ್ನು ಅಳಿಸುತ್ತವೆ. ಐಬಿಎಂನಲ್ಲಿದ್ದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಎಂಬ ವಿಧಾನ ಈ ವಿದ್ಯೆಯ ಮುಖ್ಯ ಮೈಲಿಗಲ್ಲು. ಕುತೂಹಲದ ಸಂಗತಿಯೆಂದರೆ, ಚೇತರಿಕೆಯಲ್ಲಿ ಇಷ್ಟು ಪಳಗಿದ ತಂತ್ರಾಂಶಗಳೂ ಸಭ್ಯ ನಿಲುಗಡೆಯನ್ನು ಕೈಬಿಟ್ಟಿಲ್ಲ. ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕೆ ಮೂರು ಬಗೆಯ ನಿಲುಗಡೆಗಳಿವೆ. ಒಂದು, ಬಂದವರೆಲ್ಲ ತಾವಾಗಿ ಹೋಗುವವರೆಗೆ ಕಾಯುವುದು. ಎರಡು, ಅವರ ಅಪೂರ್ಣ ವಹಿವಾಟುಗಳನ್ನು ರದ್ದುಮಾಡಿ, ಲೆಕ್ಕ ಒಪ್ಪಮಾಡಿ ಮುಚ್ಚುವುದು. ಮೂರು, ತಕ್ಷಣ ಬಿಟ್ಟೇಳುವುದು, ಚೇತರಿಕೆ ನಾಳೆಗೆ. ಅದನ್ನು ನಡೆಸುವ ಆಜ್ಞೆಯಲ್ಲಿ ಹಿಂದೆ ಮೊದಲನೆಯದೇ ರೂಢಿಯಾಗಿತ್ತು, 9.5ನೇ ಆವೃತ್ತಿಯಿಂದ ಎರಡನೆಯದಾಯಿತು. ಒಬ್ಬ ಗಿರಾಕಿ ಎದ್ದು ಹೋಗದಿದ್ದರೆ ಯಂತ್ರ ನಿಲ್ಲುವುದೇ ಇಲ್ಲ ಎಂಬುದು ಎಂಥ ಫಜೀತಿ ಎಂದು ನೀವೇ ಊಹಿಸಬಹುದು.

ಓಡುತ್ತಿರುವ ವ್ಯವಸ್ಥೆಯ ಒಂದು ಭಾಗವನ್ನು ಮಾತ್ರ ನಿಲ್ಲಿಸುವುದು ಎಂದರೇನು ಎಂಬುದನ್ನು ಹೊಸಪೇಟೆ, ಕಂಪ್ಲಿ ಕಡೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್‌ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಆ ಒಂದು ಕಿಂಡಿಯನ್ನು ಮುಚ್ಚುವ ಸ್ಟಾಪ್‌ಲಾಗ್‌ಗಳನ್ನು ಆಗ ತುರ್ತಾಗಿ ತಯಾರಿಸಿ, ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನೀರು ಹರಿಯುತ್ತಿರುವಾಗಲೇ ಇಳಿಸಲಾಯಿತು. ಸುಮಾರು ಒಂದು ವಾರದ ಕೆಲಸ. ಅಣೆಕಟ್ಟಿನ ನೀರಿಗೂ ಸರ್ವರಿನ ಕೋರಿಕೆಗಳಿಗೂ ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೆ ಒಂದನ್ನು ಬದಿಗಿಟ್ಟು ಉಳಿದವನ್ನು ನಡೆಸುವ ಸಾಧನ ಮೊದಲೇ ಕೈಯಲ್ಲಿರಬೇಕು ಎಂಬುದು ಎರಡಕ್ಕೂ ಸಮಾನ.

ಹಾಗಾದರೆ ಪ್ರಶ್ನೆಯನ್ನು ಹೇಗೆ ತಿದ್ದಬಹುದು? ನನ್ನ ಸೂಚನೆ ಹೀಗಿದೆ. ಸರ್ವರ್ ಫೈಲಿನ ಅಳತೆಯನ್ನು ಮೊದಲು ಕಳಿಸಲಿ. ಅಷ್ಟು ಬಾರದಿದ್ದರೆ ಕ್ಲೈಂಟ್ ತಪ್ಪು ವರದಿ ಮಾಡಿ ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ನಿಲ್ಲಲಿ. ಕ್ಲೈಂಟ್ 30 ಸೆಕೆಂಡು ಏನೂ ಬಾರದಿದ್ದರೆ ಕೈಬಿಡಲಿ. ಪೋರ್ಟ್ ಸಿಗದಿದ್ದರೆ ಸರ್ವರ್ ಕಾರಣ ಹೇಳಿ ಅಲ್ಲೇ ನಿಲ್ಲಲಿ. ಸಿಗ್‌ಟರ್ಮ್ ಬಂದಾಗ ಹೊಸಬರನ್ನು ಸೇರಿಸಿಕೊಳ್ಳದೆ, ಕೈಯಲ್ಲಿರುವ ಫೈಲನ್ನು 10 ಸೆಕೆಂಡಿನೊಳಗೆ ಮುಗಿಸಿ ಹೊರಡಲಿ. ಜಾವಾದಲ್ಲಿ ಬರೆಯುವವರಿಗೆ ಶಟ್‌ಡೌನ್ ಹುಕ್ ಎಂಬ ಸೌಲಭ್ಯವಿದೆ. 15ಕ್ಕೆ ಅದು ಓಡುತ್ತದೆ, 9ಕ್ಕೆ ಓಡುವುದಿಲ್ಲ ಎಂಬುದನ್ನೂ ವಿದ್ಯಾರ್ಥಿ ತೋರಿಸಲಿ.

ಮೂರು ಗಂಟೆಯ ಅವಧಿಯಲ್ಲಿ ಇದೆಲ್ಲ ಸಾಧ್ಯವೇ ಎಂದು ಅಧ್ಯಾಪಕರು ಕೇಳುವುದು ಸಹಜ. 2010ರ ಪಟ್ಟಿಯಲ್ಲಿ ಇದರ ಮರುಪ್ರಶ್ನೆಯೇ ಇದೇ ಕೆಲಸವನ್ನು ಫಿಫೊ ಅಥವಾ ಮೆಸೇಜ್ ಕ್ಯೂಗಳಿಂದ ಮತ್ತೊಮ್ಮೆ ಮಾಡಿಸುತ್ತಿತ್ತು. ಸಾಗಣೆಯ ದಾರಿ ಬದಲಾಯಿತೇ ಹೊರತು ಕಲಿತದ್ದು ಹೆಚ್ಚಲಿಲ್ಲ. ಅಂತಹ ಪುನರಾವರ್ತನೆಗಳನ್ನು ಬಿಟ್ಟರೆ ಸಮಯ ಸಿಗುತ್ತದೆ.

ಪಠ್ಯಕ್ರಮ ತಿದ್ದುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಹಳೆಯ ಎರಡು ಕಂಪ್ಯೂಟರುಗಳು, ಒಂದು ಸ್ವಿಚ್ ಇದ್ದರೆ ಸಾಕು. ಸರ್ವರನ್ನು ಒಂದರಲ್ಲಿ, ಕ್ಲೈಂಟನ್ನು ಇನ್ನೊಂದರಲ್ಲಿ ಓಡಿಸಿ. ದೊಡ್ಡ ಫೈಲು ಸಾಗುತ್ತಿರುವಾಗ ಒಮ್ಮೆ 15, ಒಮ್ಮೆ 9 ಕಳಿಸಿ. ಇನ್ನೊಮ್ಮೆ ನೆಟ್‌ವರ್ಕ್ ಕೇಬಲ್ಲನ್ನೇ ಕಿತ್ತುಬಿಡಿ. ಪ್ರತಿ ಸಲ ಕ್ಲೈಂಟ್ ಏನು ಹೇಳಿತು, ಎಷ್ಟು ಹೊತ್ತಿಗೆ ಹೇಳಿತು, ಫೈಲಿನ ಎಷ್ಟು ಬೈಟುಗಳು ಬಂದಿದ್ದವು ಎಂಬುದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಿಸಿ. ಕೇಬಲ್ ಕಿತ್ತಾಗಿನ ಸಮಯ ಬರೆಯಲು ಒಂದಿಷ್ಟು ಜಾಗ ಹೆಚ್ಚೇ ಬಿಡಿ.